ಇಗರ್ಜಿಯ ಅಂಗಳದಲ್ಲಿ ಹಂಚಿದ ಹಳದಿ ಕಾಗದ

ನನ್ನ ಮೇಜಿನ ಡ್ರಾಯರಿನಲ್ಲಿ ಹಳದಿ ಬಣ್ಣದ ಒಂದು ಕರಪತ್ರ ಮೂವತ್ತು ವರ್ಷದಿಂದ ಇದೆ. ಡೆಮಿ ಹಾಳೆಯ ಎಂಟನೇ ಒಂದು ಭಾಗದಷ್ಟು ಅಳತೆ. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮಡಿಸಿದ ಗೆರೆಯಲ್ಲಿ ಕಾಗದ ಸವೆದು ಹರಿಯುವ ಹಾಗಾಗಿದೆ. ಬಲಗಡೆ ಮೂಲೆಯಲ್ಲಿ ಮೇಣದ ಹನಿ ಬಿದ್ದು, ಎಣ್ಣೆ ಕುಡಿದಂತೆ ಅಷ್ಟು ಜಾಗ ಮಾತ್ರ ತಿಳಿಯಾಗಿದೆ; ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತದೆ. ಮೇಲೆ ಸಣ್ಣದೊಂದು ಶಿಲುಬೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಕ್ರೈಸ್ತ ಬಾಂಧವರಲ್ಲಿ ವಿನಂತಿ'. ಕೊನೆಯಲ್ಲಿ ಅಭ್ಯರ್ಥಿಯ ಹೆಸರು, ಚುನಾವಣಾ ಗುರುತು. ಮುದ್ರಕರ ಹೆಸರಿಲ್ಲ.

ಅದನ್ನು ಅಚ್ಚು ಮಾಡಿದವನು ನಾನು. ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಅಂಗಳದಲ್ಲಿ ನಿಂತು ಹಂಚಿದವನೂ ನಾನೇ.

ಇಷ್ಟು ವರ್ಷ ಯಾರಿಗೂ ಹೇಳದೆ ಇದ್ದದ್ದನ್ನು ಈಗ ಬರೆಯಲು ಕಾರಣ ಒಬ್ಬ ಹುಡುಗ. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಶಿವಮೊಗ್ಗಕ್ಕೆ ಮೇ 7ರಂದು ಮತದಾನ. ಅದಕ್ಕೆ ಕೆಲವು ದಿನ ಮೊದಲು ನಮ್ಮ ಧರ್ಮಕೇಂದ್ರದ ವಾಟ್ಸ್ಯಾಪ್ ಗುಂಪಿಗೆ ಅವನೊಂದು ಚಿತ್ರ ಹಾಕಿದ. ಹಿಂದೆ ನಮ್ಮ ಇಗರ್ಜಿಯ ಫೋಟೋ, ಮುಂದೆ ಅಭ್ಯರ್ಥಿಯ ಕೈಮುಗಿದ ಭಂಗಿ. ನಾನು ಆ ಗುಂಪಿನ ಅಡ್ಮಿನ್‌ಗಳಲ್ಲಿ ಒಬ್ಬ. ತೆಗೆದುಹಾಕಿ, ಅವನಿಗೆ ಫೋನ್ ಮಾಡಿದೆ. 'ಇದು ಫೋನಲ್ವಾ ಅಂಕಲ್, ಚರ್ಚಲ್ಲವಲ್ಲ?' ಅಂದ. ಒಳ್ಳೆಯ ಹುಡುಗ, ಎದುರು ಮಾತಾಡಬೇಕೆಂದು ಆಡಿದ ಮಾತಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ. ನನಗೆ ಮಾತು ಕಟ್ಟಿಹೋಯಿತು. 1994ರಲ್ಲಿ ಇದೇ ಪ್ರಶ್ನೆಯನ್ನು ನಾನು ನಮ್ಮ ಫಾದರ್ ಮುಂದೆ ಬೇರೆ ಮಾತಿನಲ್ಲಿ ಕೇಳಿದ್ದೆ.

ಆಗ ನನ್ನದೊಂದು ಸಣ್ಣ ಪ್ರೆಸ್ಸು. ಒಂದು ಟ್ರೆಡಲ್ ಮೆಷಿನ್, ನಾಲ್ಕು ಕೇಸು ಅಚ್ಚುಮೊಳೆ, ಸಹಾಯಕ್ಕೆ ಒಬ್ಬ ಹುಡುಗ. ಮದುವೆ ಕಾಗದ, ವೈಕುಂಠ ಸಮಾರಾಧನೆ ಕಾಗದ, ಸೊಸೈಟಿ ರಸೀದಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್ಲು. ಇಗರ್ಜಿಯ ಕೆಲಸವೆಲ್ಲ ನನಗೇ ಬರುತ್ತಿತ್ತು. ನಾನು ಇಗರ್ಜಿಯ ಕೆಲಸಗಳಲ್ಲಿ ನೆರವಾಗುವ ಪಾಲನಾ ಪರಿಷತ್ತಿನಲ್ಲಿ ಇದ್ದೆ, ಭಾನುವಾರದ ಪೂಜೆಯಲ್ಲಿ ಬೈಬಲಿನ ವಾಚನ ಓದುತ್ತಿದ್ದೆ. ಶಿವಮೊಗ್ಗ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೆಳಗಿನ ಇಗರ್ಜಿಗಳ ವ್ಯಾಪ್ತಿ, ಚಿಕ್ಕಮಗಳೂರಿನಿಂದ ಬೇರೆಯಾಗಿ ಹುಟ್ಟಿದ್ದು 1988ರ ನವೆಂಬರ್‌ನಲ್ಲಿ. ಆರೇ ವರ್ಷದ ಹೊಸ ಸಂಸಾರ. ಎಲ್ಲರಿಗೂ ಹುರುಪು, ಎಲ್ಲದಕ್ಕೂ ನೋಟೀಸು.

ಮಲೆನಾಡಿನ ಇಗರ್ಜಿ ಅಂದರೆ ಒಂದೇ ಮಾತು, ಒಂದೇ ಮೂಲದ ಜನ ಅಂದುಕೊಳ್ಳಬೇಡಿ. ಘಟ್ಟ ಹತ್ತಿ ಬಂದ ಕೊಂಕಣಿಯವರಿದ್ದಾರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ, ಲಿಂಗನಮಕ್ಕಿ ಅಣೆಕಟ್ಟೆಯ ಕೆಲಸಕ್ಕೆ ಬಂದು ಇಲ್ಲಿಯೇ ನಿಂತ ತಮಿಳರಿದ್ದಾರೆ. ರಬ್ಬರು ಹಾಕಲು ಬಂದ ಮಲಯಾಳಿಗಳಿದ್ದಾರೆ. ತೋಟದ ಧಣಿ, ಅದೇ ತೋಟದಲ್ಲಿ ಅಡಿಕೆ ಹೆಕ್ಕುವ ಹೆಂಗಸು, ಇಬ್ಬರೂ ಒಂದೇ ಸಾಲಿನಲ್ಲಿ ಮಂಡಿಯೂರುತ್ತಾರೆ. ಈ ವಿಷಯ ಮುಂದೆ ಬೇಕಾಗುತ್ತದೆ, ಅದಕ್ಕೆ ಹೇಳಿದೆ.

1994ರ ನವೆಂಬರ್. ವಿಧಾನಸಭಾ ಚುನಾವಣೆ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಕಾಲ. ಗೋಡೆ ಬರಹಕ್ಕೆ, ಮೈಕಿಗೆ, ಖರ್ಚಿಗೆ ಹಿಂದೆಂದೂ ಕಾಣದ ಬಿಗಿ. ನಮ್ಮ ಊರಿನ ಸುತ್ತ ಹಕ್ಕುಪತ್ರವಿಲ್ಲದೆ ಸರ್ಕಾರಿ ಜಮೀನು ಉಳುವ, ಬಗರ್‌ಹುಕುಂ ಸಾಗುವಳಿಯ ಜನ ಬಹಳ. ಇಗರ್ಜಿಗೆ ಬರುವ ಎಷ್ಟೋ ಕುಟುಂಬಗಳು ಆ ಜಮೀನು ಸಕ್ರಮ ಮಾಡಿಸಲು ಫಾರಂ 50 ಅರ್ಜಿ ಕೊಟ್ಟು ಹಕ್ಕುಪತ್ರಕ್ಕೆ ಕಾದಿದ್ದವು. ಒಬ್ಬ ಅಭ್ಯರ್ಥಿ ಅದನ್ನು ಮಾಡಿಸಿಕೊಡುತ್ತೇನೆ ಅಂದಿದ್ದರು. ಅವರು ಕ್ರೈಸ್ತರಲ್ಲ, ಆದರೆ ನನಗೆ ಅವರ ಮೇಲೆ ನಂಬಿಕೆಯಿತ್ತು. ದುಡ್ಡಿಗಾಗಿ ಮಾಡಿದ ಕೆಲಸವಲ್ಲ ಅದು. ನಮ್ಮ ಜನಕ್ಕೆ ಒಳ್ಳೆಯದಾಗುತ್ತದೆಂದು ಮನಸಾರೆ ನಂಬಿಯೇ ಮಾಡಿದೆ. ಪಾರ್ಟಿ ಕಡೆಯವರು ಬಂದು, 'ನಿಮ್ಮ ಜನಕ್ಕೆ ಅಂತ ಒಂದು ಕಾಗದ ಮಾಡಿ ಕೊಡಿ, ನಿಮ್ಮ ಪ್ರೆಸ್ಸಿನ ಹೆಸರು ಬೇಡ' ಅಂದರು. ಹೆಸರು ಬೇಡ ಅನ್ನುವುದು ನನಗೂ ಅನುಕೂಲವೇ ಆಗಿತ್ತು. ಬೇರೆ ಪಾರ್ಟಿಯವರ ಕೆಲಸ ಕೈತಪ್ಪಬಾರದಲ್ಲ.

ಇಗರ್ಜಿಗಳಲ್ಲಿ ನವೆಂಬರ್ ಅಂದರೆ ಮೃತರ ತಿಂಗಳು. 2ನೇ ತಾರೀಕು ಸಕಲ ಮೃತರ ದಿನ. ಆ ತಿಂಗಳಿಗೆಂದು ಮೃತರಿಗಾಗಿ ಹೇಳುವ ಒಂದು ಪ್ರಾರ್ಥನೆಯನ್ನು ಹಳದಿ ಕಾಗದದಲ್ಲಿ ಅಚ್ಚು ಮಾಡಿ ಕೊಟ್ಟಿದ್ದೆ. ಒಂದಷ್ಟು ಹಳದಿ ಹಾಳೆ ಉಳಿದಿತ್ತು. ಅದೇ ಕಾಗದ ತೆಗೆದುಕೊಂಡೆ. ಸುತ್ತಲೂ ಅದೇ ಬಾರ್ಡರು. ಮೇಲಿನ ಶಿಲುಬೆಯ ಬ್ಲಾಕು ಮೊಳೆ ಬಿಗಿಯುವ ಚೌಕಟ್ಟಾದ ಚೇಸಿನಲ್ಲಿ ಹಾಗೆಯೇ ಇತ್ತು, ಬಿಚ್ಚಲಿಲ್ಲ. ನಡುವಿನ ಪ್ರಾರ್ಥನೆ ತೆಗೆದು ವಿನಂತಿ ಜೋಡಿಸಿದೆ. ಐನೂರು ಪ್ರತಿ ಬಂತು.

ಎರಡನೇ ಭಾನುವಾರ ಮೊದಲ ವಾಚನ ನನ್ನದು. ಓದಿ ಕೂತೆ. ಪೂಜೆ ಮುಗಿಯುವ ಮೊದಲೇ ಹಿಂದಿನ ಬಾಗಿಲಿನಿಂದ ಹೊರಬಂದು ಕಟ್ಟು ಬಿಚ್ಚಿ, ಮೆಟ್ಟಿಲ ಕೆಳಗೆ ನಿಂತೆ. ಜನ ಹೊರಬರುತ್ತಿದ್ದ ಹಾಗೆ ಒಬ್ಬೊಬ್ಬರ ಕೈಗೂ ಕೊಟ್ಟೆ. ಯಾರೂ ಬೇಡ ಅನ್ನಲಿಲ್ಲ. ಒಬ್ಬರೂ. ಅವತ್ತು ಅದು ನನಗೆ ಸಂತೋಷದ ವಿಷಯವಾಗಿ ಕಂಡಿತ್ತು.

ಸೋಮವಾರ ಬೆಳಿಗ್ಗೆ ಫಾದರ್ ಪ್ರೆಸ್ಸಿಗೆ ಬಂದರು. ಕರಪತ್ರವನ್ನು ಕಂಪೋಸಿಂಗ್ ಮೇಜಿನ ಮೇಲಿಟ್ಟು ಕೈಯಿಂದ ಮಡಿಕೆ ನೇರ ಮಾಡಿದರು. 'ನಿಮ್ಮ ಪ್ರೆಸ್ಸಿನ ಹೆಸರಿಲ್ಲವಲ್ಲ' ಅಂದರು. ನಾನು ಸುಮ್ಮನಿದ್ದೆ. 'ಪೂಜೆಯಲ್ಲಿ ಹಂಚಿದ್ದೀರಿ.' ಇದಕ್ಕೆ ನನ್ನಲ್ಲಿ ಉತ್ತರವಿತ್ತು. 'ಒಳಗೆ ಹಂಚಿಲ್ಲ ಫಾದರ್, ಅಂಗಳದಲ್ಲಿ. ಅಂಗಳ ಪವಿತ್ರ ಸ್ಥಳ ಹೇಗಾಗುತ್ತೆ? ಅಲ್ಲಿ ಫೆಸ್ತಿನ ಹಬ್ಬಕ್ಕೆ ಐಸ್‌ಕ್ರೀಮ್ ಮಾರ್ತೇವೆ, ಹುಡುಗರು ವಾಲಿಬಾಲ್ ಆಡ್ತಾರೆ.'

ಅವರು ಸ್ವಲ್ಪ ಹೊತ್ತು ಯೋಚಿಸಿ, 'ನೀವು ಕೊಟ್ಟದ್ದು ಒಳಗಿಂದ ಬರ್ತಾ ಇದ್ದವರಿಗೇ ಅಲ್ವಾ?' ಅಂದರು.

ಫಾದರ್ ಬೈಯಲಿಲ್ಲ. ಹಂಚಿದವನೇ ಹೋಗಿ ವಾಪಸ್ ತರಬೇಕು ಅಂದರು, ಅಷ್ಟೇ.

ಕಾನೂನಿನ ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. ನಾನು ಮಾಡಿದ್ದು ಎಷ್ಟು ಕಡೆ ತಪ್ಪಾಗಿತ್ತು ಅನ್ನುವುದು ನನಗೇ ಆಮೇಲೆ ತಿಳಿಯುತ್ತ ಹೋಯಿತು. ಮುದ್ರಕನಾಗಿ ಮೊದಲನೆಯದು ನನಗೆ ಗೊತ್ತಿದ್ದದ್ದೇ: 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಚುನಾವಣೆಯ ಕರಪತ್ರದ ಮೇಲೆ ಮುದ್ರಕ, ಪ್ರಕಾಶಕ ಇಬ್ಬರ ಹೆಸರು, ವಿಳಾಸ ಇರಲೇಬೇಕು. ಅಚ್ಚು ಮಾಡಿಸುವವರು ತಮ್ಮನ್ನು ಬಲ್ಲ ಇಬ್ಬರ ಸಾಕ್ಷಿ ರುಜು ಹಾಕಿಸಿದ ಘೋಷಣೆಯನ್ನು ಎರಡು ಪ್ರತಿ ಕೊಡಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗೊತ್ತಿದ್ದೂ ಬಿಟ್ಟೆ. ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆ ಮಸೀದಿ, ಚರ್ಚು, ದೇವಸ್ಥಾನ ಯಾವುದನ್ನೂ ಪ್ರಚಾರದ ವೇದಿಕೆ ಮಾಡಬಾರದು ಅನ್ನುತ್ತದೆ. ಅದಕ್ಕಿಂತ ಗಟ್ಟಿಯಾದದ್ದು 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ. ಅದರಲ್ಲಿ ಧಾರ್ಮಿಕ ಸಂಸ್ಥೆ ಅಂದರೆ ಸಾರ್ವಜನಿಕ ಆರಾಧನೆಗೆ ಬಳಸುವ ಸ್ಥಳವೂ ಹೌದು, ಆವರಣವೂ ಹೌದು. ನನ್ನ ಅಂಗಳದ ವಾದ ಆ ಒಂದು ಪದದ ಮುಂದೆ ನಿಲ್ಲುವುದಿಲ್ಲ. ಶಿಕ್ಷೆ ಐದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಅದು ಹಂಚಿದವನಿಗೆ ಮಾತ್ರವಲ್ಲ, ಸಂಸ್ಥೆಯನ್ನು ನೋಡಿಕೊಳ್ಳುವವರಿಗೂ ತಗಲುವಂಥದ್ದು. ಅಂದರೆ ನನ್ನ ಐನೂರು ಹಾಳೆಯ ಭಾರ ಏನೂ ತಿಳಿಯದೆ ಪೂಜೆ ಮುಗಿಸುತ್ತಿದ್ದ ಫಾದರ್ ತಲೆಯ ಮೇಲೆ ಬೀಳಬಹುದಿತ್ತು. ಇದನ್ನು ಅವರು ನನಗೆ ಒಮ್ಮೆಯೂ ಹೇಳಲಿಲ್ಲ.

'ಕ್ರೈಸ್ತ ಬಾಂಧವರಲ್ಲಿ' ಅನ್ನುವ ತಲೆಬರಹದ ತಪ್ಪು ಇನ್ನೊಂದು. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಅದೇ 1951ರ ಕಾಯ್ದೆಯ 123ನೇ ಕಲಮಿನಲ್ಲಿ ಭ್ರಷ್ಟ ನಡವಳಿಕೆ. ಅಭ್ಯರ್ಥಿ ಕ್ರೈಸ್ತರಲ್ಲವಲ್ಲ, ಮತದಾರರ ಧರ್ಮ ಹೇಳಿದರೆ ಏನಾಯಿತು ಅಂತ ನಾನು ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೆ. 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನಾಲ್ಕಕ್ಕೆ ಮೂರರ ಬಹುಮತದಲ್ಲಿ, ಮತದಾರನ ಧರ್ಮವೂ ಅದರೊಳಗೆ ಬರುತ್ತದೆ ಎಂದು ತೀರ್ಪು ಕೊಟ್ಟಿತು. ಪೇಪರಿನಲ್ಲಿ ಅದನ್ನು ಓದಿದ ದಿನ ಡ್ರಾಯರು ತೆಗೆದು ಹಳದಿ ಕಾಗದವನ್ನು ಮತ್ತೆ ನೋಡಿದೆ.

ಕಥೋಲಿಕ ಸಭೆಯ ನಿಯಮಗಳಲ್ಲೂ ಇದಿದೆ. 1983ರ ಧರ್ಮಸಭಾ ಕಾನೂನಿನ 287ನೇ ನಿಯಮ ಗುರುಗಳು ರಾಜಕೀಯ ಪಕ್ಷಗಳಲ್ಲಿ ಸಕ್ರಿಯ ಪಾತ್ರ ವಹಿಸಬಾರದೆನ್ನುತ್ತದೆ. ನಾನು ಗುರುವಲ್ಲ, ಗೃಹಸ್ಥ. ನನ್ನಂಥವರಿಗೆ ಇರುವುದು 227ನೇ ನಿಯಮ. ಲೌಕಿಕ ವಿಷಯಗಳಲ್ಲಿ ಎಲ್ಲ ನಾಗರಿಕರಿಗಿರುವ ಸ್ವಾತಂತ್ರ್ಯ ನಿಮಗೂ ಇದೆ, ಆದರೆ ಭಿನ್ನಾಭಿಪ್ರಾಯಕ್ಕೆ ಎಡೆಯಿರುವ ಕಡೆ ನಿಮ್ಮ ಅಭಿಪ್ರಾಯವನ್ನು ಸಭೆಯ ಬೋಧನೆ ಎಂಬಂತೆ ಮುಂದಿಡಬೇಡಿ ಅನ್ನುವುದು ಅದರ ತಿರುಳು. ನಾನು ಬಾಯಿಬಿಟ್ಟು ಹಾಗೆ ಹೇಳಿರಲಿಲ್ಲ. ನನ್ನ ಕಾಗದ, ಬಾರ್ಡರು, ಶಿಲುಬೆ, ಸ್ವಲ್ಪ ಹೊತ್ತು ಮೊದಲು ದೇವರ ವಾಕ್ಯ ಓದಿದ್ದ ನನ್ನ ಮುಖ, ಇವೆಲ್ಲ ಸೇರಿ ಹೇಳಿದ್ದವು.

ಇದು ಕಾಯ್ದೆ ಓದಿ ತಿಳಿದದ್ದಲ್ಲ. ಕಾಗದ ವಾಪಸ್ ತರಲು ಮನೆಮನೆ ಸುತ್ತಿದಾಗ ತಿಳಿಯಿತು.

ನನ್ನ ಹತ್ತಿರ ಒಂದು ಲೂನಾ ಇತ್ತು. ಹಗಲು ಪ್ರೆಸ್ಸು, ಸಂಜೆ ಈ ಕೆಲಸ. ನಾಲ್ಕು ಸಂಜೆ ತಿರುಗಿದೆ. ಅಡಿಕೆ ಕೊಯ್ಲಿನ ಕಾಲ, ರಾತ್ರಿಯಾದರೆ ಚಪ್ಪರದ ಕೆಳಗೆ ಗ್ಯಾಸ್‌ಲೈಟ್ ಹಚ್ಚಿ ಅಡಿಕೆ ಸುಲಿಯುತ್ತಾರೆ. ಮೆಟ್ಟುಗತ್ತಿಯ ಮೇಲೆ ಕೂತ ಹೆಂಗಸರು ಕೈ ನಿಲ್ಲಿಸದೆ ಮಾತಾಡುತ್ತಾರೆ. ನಾನು ಹೋಗಿ ನಿಂತಾಗ ಅಲ್ಲಿ ಚುನಾವಣೆಯದೇ ಮಾತು. ಯಾರು ಗೆಲ್ಲುತ್ತಾರೆ, ಯಾರ ಕಾಲದಲ್ಲಿ ಫಾರಂ 50 ಮೂಲೆಗೆ ಬಿತ್ತು, ಯಾರ ಮಗ ಎಷ್ಟು ಎಕರೆ ಬೇಲಿ ಹಾಕಿದ. ಧಣಿ ಅಲ್ಲೇ ಗೋಣಿ ಕಟ್ಟುತ್ತಿದ್ದರೂ ಒಬ್ಬಾಕೆ ಅವರ ಪಾರ್ಟಿಯನ್ನು ಎತ್ತಿ ಆಡಿದಳು, ಧಣಿ ನಕ್ಕರು. ಅದೇ ಹೆಂಗಸಿಗೆ ಭಾನುವಾರ ಕಾಗದ ಕೊಟ್ಟಾಗ ಎರಡು ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡಿದ್ದಳು. ಚಪ್ಪರದಲ್ಲಿ ಬಾಯಿ ಇದ್ದವಳಿಗೆ ಅಂಗಳದಲ್ಲಿ ಬಾಯಿ ಇರಲಿಲ್ಲ. ಇಗರ್ಜಿ ಮೆಟ್ಟಿಲಿನ ಕೆಳಗೆ, ವಾಚನ ಓದುವವನ ಕೈಯಿಂದ ಬಂದದ್ದನ್ನು ಬೇಡ ಅನ್ನುವುದು ಹೇಗೆ? ಬೇಡ ಅಂದರೆ ಯಾರಿಗೆ ಬೇಡ ಅಂದ ಹಾಗೆ?

ಕೆಲವರು ಮನೆಯಲ್ಲಿ ಹುಡುಕಿ ಕೊಟ್ಟರು. ಕೆಲವರಲ್ಲಿ ಒಲೆಗೆ ಹೋಗಿತ್ತು. ಒಬ್ಬರು ಬಾಗಿಲಲ್ಲೇ ನಿಲ್ಲಿಸಿದರು. ನಮ್ಮ ಫೆಸ್ತಿನ ಅಡುಗೆಗೆ ವರ್ಷಾ ವರ್ಷಾ ಮುಂದೆ ನಿಲ್ಲುತ್ತಿದ್ದವರು, ಬೇರೊಂದು ಪಾರ್ಟಿಯಲ್ಲಿ ಹಳಬರು. 'ನಾನು ಬೇರೆಯವರಿಗೆ ಓಟು ಹಾಕಿದ್ರೆ ಕ್ರೈಸ್ತ ಅಲ್ವಾ ಹಾಗಾದ್ರೆ? ಮಾರಾಯ್ರೇ, ನಿಮ್ಮ ಪ್ರೆಸ್ಸಲ್ಲಿ ಏನು ಬೇಕಾದ್ರೂ ಹೊಡೀರಿ. ಅಲ್ಲಿ ಎಂತಕ್ಕೆ?' ಅಂದರು. ಅವರ ಧ್ವನಿ ನಡುಗುತ್ತಿತ್ತು. ಮುಂದಿನ ಭಾನುವಾರ ಅವರ ಸಾಲು ಖಾಲಿ. ಕ್ರಿಸ್‌ಮಸ್‌ಗೂ ಬರಲಿಲ್ಲ. ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿ ಬಿಷಪ್ಪರ ಪ್ರಧಾನಾಲಯದಲ್ಲಿ ಪೂಜೆ ಕೇಳಿ ಬಂದರಂತೆ. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮರಳಿ ಬಂದರು. ನಮ್ಮಿಬ್ಬರ ಮಾತು ಮೊದಲಿನ ಹಾಗಾಗಲು ಮತ್ತೂ ಎರಡು ವರ್ಷ ಬೇಕಾಯಿತು.

ಈ ಹಳದಿ ಕಾಗದ ಸಿಕ್ಕಿದ್ದು ಮೂರನೇ ಸಂಜೆ. ಹೊಳೆಯಾಚೆ ಒಂಟಿ ಮನೆ. ಗಂಡ ತೀರಿಹೋಗಿ ವರ್ಷವಾಗಿರಲಿಲ್ಲ, ಮಗ ಮಂಗಳೂರಿನ ಕಡೆ ಕೆಲಸದಲ್ಲಿದ್ದ, ಅಜ್ಜಿಯೊಬ್ಬರೇ. ನಾನು ಹೋದಾಗ ಮನೆಯ ಪ್ರಾರ್ಥನಾ ಪೀಠವಾದ ಅಲ್ತಾರಿನ ಮುಂದೆ ಮೇಣದಬತ್ತಿ ಹಚ್ಚಿ ಕೂತಿದ್ದರು. ಗೋಡೆಯಲ್ಲಿ ಯೇಸುವಿನ ತಿರುಹೃದಯದ ಪಟ, ಪಕ್ಕದಲ್ಲಿ ಗಂಡನ ಫೋಟೋ. ಅವರ ಕೈಯಲ್ಲಿ ಜಪಮಾಲೆ, ಜಪಮಾಲೆಯ ಜೊತೆಗೆ ನನ್ನ ಕರಪತ್ರ, ನಾಲ್ಕು ಮಡಿಕೆ.

ಅಜ್ಜಿಗೆ ಓದು ಬರುತ್ತಿರಲಿಲ್ಲ. ತಿಂಗಳ ಮೊದಲಿಗೆ ಹಂಚಿದ ಮೃತರ ಪ್ರಾರ್ಥನೆ ಅವರಿಗೆ ಸಿಕ್ಕಿರಲಿಲ್ಲ, ಜ್ವರ ಬಂದು ಮಲಗಿದ್ದರು. ಪಕ್ಕದ ಮನೆಯಲ್ಲಿ ಹಳದಿ ಕಾಗದ, ಶಿಲುಬೆ ನೋಡಿದ್ದರು. ಆಮೇಲೆ ನಾನು ಅಂಗಳದಲ್ಲಿ ಅಂಥದೇ ಕಾಗದ ಕೊಟ್ಟಾಗ ತಮ್ಮ ಪಾಲಿನದು ಬಂತು ಅಂದುಕೊಂಡರು. ಓದಲು ಬರದಿದ್ದರೇನು, ಕೈಯಲ್ಲಿ ಹಿಡಿದು ಜಪ ಹೇಳಿದರೆ ಅದರಲ್ಲಿ ಬರೆದದ್ದೂ ಸೇರುತ್ತದೆ ಅನ್ನುವುದು ಅವರ ನಂಬಿಕೆ. ಭಾನುವಾರದಿಂದ ದಿನಾ ಹಾಗೆ ಮಾಡುತ್ತಿದ್ದರು. ಗಂಡನ ಆತ್ಮಕ್ಕೆ.

ಕಾಗದ ವಾಪಸ್ ಬೇಕಿತ್ತು ಅಂದೆ. 'ತಿಂಗಳು ಮುಗಿದಿಲ್ಲ ಅಲ್ಲ ಪುತಾ' ಅಂದರು.

ಅವರಿಗೆ ಏನು ಹೇಳಿದೆ ಅನ್ನುವುದು ನೆನಪಿದೆ. ಅದರಲ್ಲಿ ಅಚ್ಚಿನ ತಪ್ಪಾಗಿದೆ, ಸರಿಯಾದದ್ದು ತಂದುಕೊಡುತ್ತೇನೆ ಅಂದೆ. ಆ ಹೊತ್ತಿಗೆ ಬೇರೆ ಮಾತು ನನ್ನ ಬಾಯಿಗೆ ಬರಲಿಲ್ಲ. ಅಜ್ಜಿ ಏನೂ ಕೇಳದೆ ಕೊಟ್ಟರು, ಕೊಡುವ ಮೊದಲು ಕಾಗದಕ್ಕೆ ಮುತ್ತು ಕೊಟ್ಟರು.

ಮೃತರ ಪ್ರಾರ್ಥನೆಯ ಪ್ರತಿ ನನ್ನಲ್ಲಿ ಒಂದೂ ಉಳಿದಿರಲಿಲ್ಲ, ಮೊಳೆ ಆಗಲೇ ಬಿಚ್ಚಿ ಕೇಸಿಗೆ ಹಾಕಿಯಾಗಿತ್ತು. ಆ ರಾತ್ರಿ ಫಾದರ್ ಹತ್ತಿರ ಪ್ರತಿ ಇಸಿದುಕೊಂಡು ಪ್ರೆಸ್ಸಿಗೆ ಹೋದೆ. ಹುಡುಗನನ್ನು ಕರೆಯಲಿಲ್ಲ. ಒಬ್ಬನೇ ಕೂತು ಅಕ್ಷರ ಅಕ್ಷರ ಸ್ಟಿಕ್ಕಿನಲ್ಲಿ ಜೋಡಿಸಿದೆ. ಪ್ರೂಫ್ ತೆಗೆದೆ, ಎರಡು ಒತ್ತಕ್ಷರ ತಿರುಗಿದ್ದವು, ಸರಿ ಮಾಡಿದೆ. ಹಳದಿ ಹಾಳೆ ಮೂರೇ ಉಳಿದಿದ್ದವು. ಟ್ರೆಡಲ್ ಹೊಡೆದು ಮೂರೂ ತೆಗೆದೆ, ಚೆನ್ನಾಗಿ ಬಂದ ಒಂದನ್ನು ಆರಲು ಬಿಟ್ಟು ಮರುದಿನ ಬೆಳಿಗ್ಗೆ ಪ್ರೆಸ್ಸು ತೆಗೆಯುವ ಮೊದಲೇ ಹೊಳೆ ದಾಟಿದೆ.

ಕಾಗದ ಹಂಚುವುದರಲ್ಲಿ ತಪ್ಪಿದೆ ಅಂತ ನಾನು ಯಾವತ್ತೂ ಅಂದಿಲ್ಲ. ನಮ್ಮ ಜಿಲ್ಲೆ ರಾಜಕೀಯಕ್ಕೆ ಹೆದರುವ ಜಿಲ್ಲೆಯಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ ನೆಲ ಇದು. ಇಗರ್ಜಿಯಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಿ ಅಂತ ಹೇಳಿದರೆ, ತಪ್ಪದೆ ಹೋಗಿ ಓಟು ಹಾಕಿ ಅಂದರೆ ನನ್ನ ಪೂರ್ತಿ ಬೆಂಬಲ. ಬಡವರ ಭೂಮಿಯ ಬಗ್ಗೆ, ಕೂಲಿಯ ಬಗ್ಗೆ ಫಾದರ್ ಮಾಡುವ ಪ್ರಬೋಧನೆಯಲ್ಲಿ ಮಾತು ಬರಲಿ. ಅಭ್ಯರ್ಥಿಯ ಹೆಸರು, ಗುರುತು ಬಂದ ಕೂಡಲೇ ಅದು ಗೇಟಿನ ಆಚೆಗೆ ಹೋಗಬೇಕು ಅನ್ನುವುದು ನನ್ನ ಮಾತು. ಗೇಟಿನ ಆಚೆ ರಸ್ತೆ ಎಲ್ಲರದು. ಅಲ್ಲಿ ಜನ ಕಾಗದ ತೆಗೆದುಕೊಳ್ಳುತ್ತಾರೆ, ಮುದುಡಿ ಬಿಸಾಕುತ್ತಾರೆ, ಜಗಳಕ್ಕೂ ಬರುತ್ತಾರೆ.

ಅಮೆರಿಕದಲ್ಲಿರುವ ಸಂಬಂಧಿಕರೊಬ್ಬರು ಹೇಳಿದರು: ಅಲ್ಲಿ ಪೂಜೆಯ ಹೊತ್ತಿನಲ್ಲಿ ಇಗರ್ಜಿಯ ಪಾರ್ಕಿಂಗ್‌ನಲ್ಲಿ ನಿಂತ ಕಾರುಗಳ ವೈಪರಿಗೆ ಯಾರೋ ಪ್ರಚಾರದ ಕಾಗದ ಸಿಕ್ಕಿಸಿ ಹೋಗುತ್ತಾರಂತೆ. ಎಷ್ಟೋ ಧರ್ಮಪ್ರಾಂತ್ಯಗಳು ಪಾರ್ಕಿಂಗ್ ಜಾಗವೂ ಇಗರ್ಜಿಯ ಆಸ್ತಿಯೇ, ಬಿಷಪ್ ಒಪ್ಪಿಗೆಯಿಲ್ಲದ ಕಾಗದ ಅಲ್ಲಿ ಬೇಡ ಎಂದು ನಿಯಮ ಮಾಡಿವೆ. ಇಗರ್ಜಿಗಳ ಚುನಾವಣಾ ಪ್ರಚಾರವನ್ನು ತಡೆಯುವ ಅಲ್ಲಿನ 1954ರ ಕಾನೂನು ತೆರಿಗೆ ವಿನಾಯಿತಿಗೆ ಸಂಬಂಧಿಸಿದ್ದು, ನಮ್ಮದರ ಹಾಗೆ ಜೈಲಿನದ್ದಲ್ಲ. ಜಗಳ ಮಾತ್ರ ಅದೇ ಅಂಗಳದ್ದು.

ಇನ್ನೂ ಹತ್ತಿರದ್ದು ಕೇರಳ. ನಮ್ಮ ಮಲಯಾಳಿ ಕುಟುಂಬಗಳ ಹಿರಿಯರು ವಿಮೋಚನಾ ಸಮರದ ಕತೆ ಹೇಳುತ್ತಿದ್ದರು. ಅಲ್ಲಿನ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರದ ಶಿಕ್ಷಣ ಮಸೂದೆಯ ವಿರುದ್ಧ ಕಥೋಲಿಕ ಸಭೆಯೂ ನಾಯರ್ ಸಮುದಾಯದ ಸಂಘಟನೆಯೂ ಬೀದಿಗಿಳಿದದ್ದು, 1959ರ ಜುಲೈ 31ರಂದು ಕೇಂದ್ರ ಆ ಸರ್ಕಾರವನ್ನೇ ವಜಾ ಮಾಡಿದ್ದು. ಮರುವರ್ಷ ಅಲ್ಲಿ ನಡೆದ ಚುನಾವಣೆಗೆಂದು ಮಾಡಿಕೊಂಡ ನಡಾವಳಿಯಿಂದಲೇ ಇವತ್ತಿನ ಮಾದರಿ ನೀತಿ ಸಂಹಿತೆ ಬೆಳೆದದ್ದು.

ಭಯ ಬಂದಾಗ ಈ ಗೇಟನ್ನು ಕಾಯುವುದು ಕಷ್ಟ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಸೀಮೆಯಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿಯಾದ ಮೇಲೆ ನಮ್ಮಲ್ಲೂ ರಾತ್ರಿ ಕಾವಲು ಕೂತೆವು. ಮರುವರ್ಷದ ಚುನಾವಣೆಗೆ ಪರಿಷತ್ತಿನಲ್ಲಿ ಕೆಲವರು, 'ಈ ಸಲವಾದರೂ ಯಾರಿಗೆ ಹಾಕಬೇಕು ಅಂತ ಇಗರ್ಜಿಯಲ್ಲಿ ಹೇಳಲೇಬೇಕು' ಅಂದರು. ಅವರ ಸಂಕಟ ನನ್ನದೂ ಆಗಿತ್ತು. ಆದರೂ ಬೇಡ ಅಂದೆ. ಕಲ್ಲು ಬಿದ್ದಾಗ ಇದು ಎಲ್ಲರ ಇಗರ್ಜಿ ಅಂತ ಪಕ್ಕದ ಕೇರಿಯವರೂ ಕಾವಲಿಗೆ ಬಂದು ಕೂತಿದ್ದರು, ಅವರಲ್ಲಿ ಎಲ್ಲ ಪಾರ್ಟಿಯವರೂ ಇದ್ದರು ಅನ್ನುವುದನ್ನು ನೆನಪಿಸಿದೆ. ಬಹಳ ಹೊತ್ತು ಮಾತಾಯಿತು. ಕೊನೆಗೆ ಹೇಳುವುದು ಬೇಡ ಎಂದೇ ಆಯಿತು.

ಆ ಹುಡುಗನಿಗೆ ಹೇಳಬೇಕಿದ್ದದ್ದು ಇದೇ. ನಮ್ಮ ಗುಂಪಿನಲ್ಲಿ ಯಾರು ತೀರಿಹೋದರು, ಯಾವ ಹೊತ್ತಿಗೆ ಪೂಜೆ, ಯಾರಿಗೆ ರಕ್ತ ಬೇಕು ಅನ್ನುವುದು ಬರುತ್ತದೆ. ನಮ್ಮ ಇಗರ್ಜಿಯ ಫೋಟೋ ಇಟ್ಟ ಗುಂಪು ಅದು. ಅಲ್ಲಿ ಬಂದದ್ದನ್ನು ಜನ ಅದೇ ನಂಬಿಕೆಯಿಂದ ತೆರೆಯುತ್ತಾರೆ. ಅದಕ್ಕೆ ಗೇಟು ಕಾಣುವುದಿಲ್ಲ, ಅಷ್ಟೇ.

1994ರ ಆ ಮತದಾನದ ದಿನ ಶಾಲೆಯ ರಸ್ತೆಯಲ್ಲಿ ಅಜ್ಜಿ ಎದುರಾದರು. ಜ್ವರ ಬಿಟ್ಟಿತ್ತು, ಒಗೆದ ಬಿಳಿ ಸೀರೆ, ಕೈಯಲ್ಲಿ ಚೀಟಿ. ಆಗ ಮತಪತ್ರದ ಕಾಲ. ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು:

'ಸೀಲು ಯಾವುದಕ್ಕೆ ಒತ್ತಬೇಕು ಪುತಾ? ಫಾದರ್ ಎಂತ ಹೇಳಿದ್ದಾರೆ?'

'ಫಾದರ್ ಏನೂ ಹೇಳಿಲ್ಲ ಅಜ್ಜಿ.'

'ನೀನು?'

'ನಾನೂ ಏನೂ ಹೇಳೋದಿಲ್ಲ. ನಿಮಗೆ ಕಂಡದ್ದಕ್ಕೆ ಒತ್ತಿ.'

ಅವರು ನನ್ನ ಮುಖವನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಸೆರಗು ಸರಿ ಮಾಡಿಕೊಂಡು, ಕ್ಯೂ ಇದ್ದ ಕಡೆಗೆ ನಡೆದರು.